ಬೇಯಿಸದ ಪಾಸ್ತಾ, ಒಂದೇ ಟ್ರೇ

ಸಂಜೆ ಏಳಕ್ಕೆ ಮನೆ ಸೇರಿದ ಮೇಲೆ ಒಲೆ ಮುಂದೆ ಒಂದು ಗಂಟೆ ನಿಲ್ಲುವ ತ್ರಾಣ ನನಗಿರುವುದಿಲ್ಲ. ಹಸಿವು ಮಾತ್ರ ಜೋರಾಗಿರುತ್ತದೆ. ಅದಕ್ಕೇ ವಾರದ ಮಧ್ಯೆ ಒಂದು ದಿನ ಬೇಕ್ಡ್ ಪಾಸ್ತಾ ಅಂತ ಇಟ್ಟುಕೊಂಡೆ. ಆದರೆ ನಾನು ಮೊದಲು ಮಾಡುತ್ತಿದ್ದ ರೀತಿಯಲ್ಲಿ ಅದು ಸುಲಭದ ಅಡುಗೆಯೇ ಅಲ್ಲ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಬೇಕು, ಪಾಸ್ತಾ ಬೇಯಿಸಿ ಸೋಸಬೇಕು, ಪಕ್ಕದ ಒಲೆಯಲ್ಲಿ ಟೊಮೆಟೊ ಸಾಸ್, ಇನ್ನೊಂದರಲ್ಲಿ ಬಿಳಿ ಸಾಸ್, ಆಮೇಲೆ ಎಲ್ಲವನ್ನೂ ಟ್ರೇಗೆ ಸುರಿದು ಓವನ್ನಿಗೆ ಇಡಬೇಕು. ಊಟಕ್ಕೆ ಕೂರುವ ಹೊತ್ತಿಗೆ ಸಿಂಕ್ ತುಂಬಿರುತ್ತಿತ್ತು. ಇಷ್ಟೆಲ್ಲ ಮಾಡಿಯೂ ಪಾಸ್ತಾ ಮೆತ್ತಗೆ, ಅಂಟಂಟಾಗಿ ಬರುತ್ತಿತ್ತು.

ತಪ್ಪು ಎಲ್ಲಿದೆ ಅಂತ ಗೊತ್ತಾಗಲು ಕೆಲವು ವಾರ ಬೇಕಾಯಿತು. ಪೊಟ್ಟಣದ ಮೇಲೆ 11 ನಿಮಿಷ ಅಂತ ಇದ್ದರೆ ನಾನು ಸರಿಯಾಗಿ 11 ನಿಮಿಷ ಬೇಯಿಸುತ್ತಿದ್ದೆ. ಅಷ್ಟು ಬೆಂದ ಪಾಸ್ತಾ ಮತ್ತೆ 25 ನಿಮಿಷ ಬಿಸಿ ಸಾಸಿನಲ್ಲಿ ಕೂತರೆ ಇನ್ನಷ್ಟು ನೀರು ಹೀರಿಕೊಳ್ಳುತ್ತದೆ, ಸಾಸ್ ಒಣಗುತ್ತದೆ, ಪಾಸ್ತಾ ಊದಿಕೊಳ್ಳುತ್ತದೆ. ಎಂಟೇ ನಿಮಿಷಕ್ಕೆ ಇಳಿಸಿ ತೆಗೆದಾಗ ಎಷ್ಟೋ ಸುಧಾರಿಸಿತು. ನೀವು ಬೇಯಿಸಿಯೇ ಮಾಡುವವರಾದರೆ ಇದೊಂದು ಬದಲಾವಣೆ ಸಾಕು, ಎರಡು ಮೂರು ನಿಮಿಷ ಮೊದಲೇ ಸೋಸಿಬಿಡಿ.

ಆದರೆ ನನಗೆ ಆ ಪಾತ್ರೆಯೇ ಬೇಡವಾಗಿತ್ತು. ಒಮ್ಮೆ ಲಸಾನ್ಯಾ ಅನ್ನುವ ಚಪ್ಪಟೆ ಪಾಸ್ತಾ ಹಾಳೆಗಳನ್ನು ತಂದಾಗ ಅದರ ಮೇಲೆ, ಬೇಯಿಸುವುದು ಬೇಡ, ನೇರವಾಗಿ ಟ್ರೇಗೆ ಹಾಕಿ ಅಂತ ಇತ್ತು. ಹಾಳೆ ಸಾಸಿನಲ್ಲೇ ಬೇಯುತ್ತದೆ ಅಂದಮೇಲೆ ಕೊಳವೆಯಂಥ ಪಾಸ್ತಾ, ಪೆನ್ನೆ, ಯಾಕೆ ಬೇಯಬಾರದು? ಅವತ್ತೇ ಹಸಿ ಪೆನ್ನೆಗೆ ಮಾಮೂಲಿ ಸಾಸ್ ಸುರಿದು ಓವನ್ನಿಗೆ ಇಟ್ಟೆ. ನಡುವಿನದು ಅರ್ಧಂಬರ್ಧ ಬೆಂದಿತ್ತು, ಅಂಚಿನದು ಕಡ್ಡಿಯಂತೆ ಗಟ್ಟಿ. ಲಸಾನ್ಯಾ ಹಾಳೆ ತೆಳ್ಳಗಿರುತ್ತದೆ, ಅದಕ್ಕೆ ಸ್ವಲ್ಪ ನೀರು ಸಾಕು. ಪೆನ್ನೆ ದಪ್ಪ. ಮುಂದಿನ ವಾರ ಕಣ್ಣಳತೆಯಲ್ಲಿ ನೀರು ಸುರಿದೆ, ಅದು ಸೂಪ್ ಆಯಿತು. ಮೂರನೇ ಸಲ ತಕ್ಕಡಿ, ಅಳತೆ ಕಪ್ ಎರಡನ್ನೂ ತೆಗೆದೆ. ಅಲ್ಲಿಂದ ಈಚೆಗೆ ಕೆಟ್ಟಿಲ್ಲ.

ಮೂರು ಜನಕ್ಕೆ ನನ್ನ ಅಳತೆ ಹೀಗಿದೆ: 250 ಗ್ರಾಂ ಒಣ ಪೆನ್ನೆ, 400 ಗ್ರಾಂ ಟೊಮೆಟೊ ಪ್ಯೂರಿ, ಎರಡು ಕಪ್, ಅಂದರೆ ಸುಮಾರು 480 ಮಿಲಿ, ಕುದಿಯುವ ನೀರು. ಹಸಿ ಟೊಮೆಟೊ ರುಬ್ಬಿ ಹಾಕುವುದಾದರೆ ಅದರಲ್ಲೇ ನೀರು ಜಾಸ್ತಿ, ಹಾಗಾಗಿ ಮೇಲಿನ ನೀರಲ್ಲಿ ಅರ್ಧ ಕಪ್ ಕಡಿಮೆ ಮಾಡಿ. ಇದಕ್ಕೆ ಎರಡು ದೊಡ್ಡ ಚಮಚ ಎಣ್ಣೆ, ನಾಲ್ಕೈದು ಎಸಳು ಜಜ್ಜಿದ ಬೆಳ್ಳುಳ್ಳಿ, ಒಂದು ಚಿಕ್ಕ ಚಮಚ ಒಣ ಒರಿಗ್ಯಾನೋ, ಒಂದೂಕಾಲು ಚಿಕ್ಕ ಚಮಚ ಉಪ್ಪು, ಹುಳಿ ಜಾಸ್ತಿ ಅನಿಸಿದರೆ ಚಿಟಿಕೆ ಸಕ್ಕರೆ. ಉಪ್ಪಿನ ಬಗ್ಗೆ ಒಂದು ಮಾತು. ಇಲ್ಲಿ ಪಾಸ್ತಾ ಬೇಯಿಸುವ ಉಪ್ಪುನೀರು ಬೇರೆ ಇಲ್ಲ, ಪಾಸ್ತಾ ಒಳಗೆ ಹೋಗಬೇಕಾದ ಉಪ್ಪು ಈ ಸಾಸಿನಿಂದಲೇ ಹೋಗಬೇಕು. ಆದ್ದರಿಂದ ಕಲಸಿದ ಮೇಲೆ ರುಚಿ ನೋಡಿದಾಗ ಸಾಸ್ ಸ್ವಲ್ಪ ಉಪ್ಪುಪ್ಪಾಗಿಯೇ ಇರಬೇಕು.

ಇದೆಲ್ಲವನ್ನೂ ಟ್ರೇಯಲ್ಲೇ ಕಲಸುತ್ತೇನೆ, ಒಲೆ ಹಚ್ಚುವುದು ನೀರು ಕಾಯಿಸಲು ಮಾತ್ರ. ತಣ್ಣೀರು ಹಾಕಿದರೂ ಬೇಯುತ್ತದೆ, ಆದರೆ ಅದು ಬಿಸಿಯಾಗಿ ಕುದಿ ಹತ್ತಲು ಓವನ್ನಿನಲ್ಲಿ ಹತ್ತು ಹದಿನೈದು ನಿಮಿಷ ಸುಮ್ನೆ ಹೋಗುತ್ತದೆ. ಅಷ್ಟು ಹೊತ್ತು ಪಾಸ್ತಾ ಬರೀ ನೆನೆಯುತ್ತಾ ಕೂತು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಟ್ರೇ ತೀರಾ ಅಗಲ ಬೇಡ. ನನ್ನದು 20 ಸೆಂಟಿಮೀಟರ್ ಚೌಕದ್ದು, ಎರಡು ಇಂಚು ಆಳ. ಅಗಲದ ಟ್ರೇಯಲ್ಲಿ ನೀರು ಹರಡಿ ಪಾಸ್ತಾ ಮೇಲೆ ಬಂದುಬಿಡುತ್ತದೆ, ನೀರಿನ ಹೊರಗೆ ಉಳಿದದ್ದು ಬೇಯುವುದೇ ಇಲ್ಲ.

ಇನ್ನು ಫಾಯಿಲ್. ಈ ಅಡುಗೆಯ ಜೀವ ಇದರಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ಟ್ರೇ ಸುತ್ತ ಅಂಚನ್ನು ಒತ್ತಿ ಬಿಗಿಯಾಗಿ ಮುಚ್ಚಬೇಕು. ಒಂದು ಮೂಲೆ ಸಡಿಲವಿದ್ದರೂ ಹಬೆ ಅಲ್ಲಿಂದ ಹೊರಟುಹೋಗುತ್ತದೆ, ನಾವು ಅಳೆದು ಹಾಕಿದ ನೀರಿನ ಲೆಕ್ಕ ತಪ್ಪುತ್ತದೆ. ಫಾಯಿಲ್ ಸಾಸಿಗೆ ತಾಗದಂತೆ ಎಳೆದು ಕಟ್ಟಿ, ಟೊಮೆಟೊ ಹುಳಿಗೆ ಅಲ್ಯೂಮಿನಿಯಂ ಸವೆದು ತೂತು ಬೀಳುತ್ತದೆ. 200 ಡಿಗ್ರಿಗೆ ಮೊದಲೇ ಕಾಯಿಸಿದ ಓವನ್ನಿನಲ್ಲಿ 20 ನಿಮಿಷ ಇಟ್ಟು, ಹೊರಗೆ ತೆಗೆದು, ಫಾಯಿಲ್ ಸರಿಸಿ ತಳದಿಂದ ಒಮ್ಮೆ ಚೆನ್ನಾಗಿ ತಿರುವಿ, ಮತ್ತೆ ಮುಚ್ಚಿ ಇನ್ನು 12ರಿಂದ 15 ನಿಮಿಷ ಇಡುತ್ತೇನೆ. ಫ್ಯಾನ್ ಇರುವ ಓವನ್ನಾದರೆ 180 ಡಿಗ್ರಿ ಸಾಕು. ಫಾಯಿಲ್ ತೆರೆಯುವಾಗ ಮುಖ ದೂರವಿರಲಿ, ಆ ಹಬೆ ಚುರ್ರೆನ್ನುವಂತೆ ಸುಡುತ್ತದೆ.

ಈ ಹೊತ್ತಿಗೆ ಟ್ರೇಯಲ್ಲಿ ಸ್ವಲ್ಪ ನೀರು ಇನ್ನೂ ಆಡುತ್ತಿರುತ್ತದೆ. ಗಾಬರಿ ಬೇಡ, ಅದು ಇರಬೇಕು. ಬೇಯಿಸಿ ಸೋಸುವಾಗ ನೀರಿನ ಜೊತೆ ಚೆಲ್ಲಿ ಹೋಗುವ ಗಂಜಿ ಇಲ್ಲಿ ಸಾಸಿನಲ್ಲೇ ಉಳಿಯುತ್ತದೆ, ಅದೇ ಸಾಸನ್ನು ಗಟ್ಟಿ ಮಾಡಿ ಪಾಸ್ತಾಗೆ ಹೊದಿಸುತ್ತದೆ. ಇದನ್ನು ಕಂಡ ಮೇಲೆ ನಾನು ಬಿಳಿ ಸಾಸ್ ಮಾಡುವುದನ್ನೇ ಬಿಟ್ಟೆ. ಮೂರು ಚಮಚ ಕ್ರೀಮ್ ಈಗ ಹಾಕಿ ತಿರುವಿದರೆ ಸಾಕು. ಹಾಲನ್ನು ಮೊದಲೇ ಹಾಕಿ ನೋಡಿದ್ದೆ, ಟೊಮೆಟೊ ಹುಳಿಗೆ ಒಡೆದು ಹೋಯಿತು.

ಚೀಸ್ ಬರುವುದೂ ಈಗಲೇ. ಮೊದಲೇ ಹಾಕಿ ಮುಚ್ಚಿದರೆ ಅರ್ಧ ಫಾಯಿಲಿಗೆ ಅಂಟುತ್ತದೆ, ಉಳಿದದ್ದು ರಬ್ಬರ್ ಥರ ಆಗುತ್ತದೆ. 120 ಗ್ರಾಂ ಮೊಝರೆಲ್ಲಾ ನಾನೇ ತುರಿದುಕೊಳ್ಳುತ್ತೇನೆ. ತುರಿದೇ ಬರುವ ಚೀಸಿಗೆ ಒಂದಕ್ಕೊಂದು ಅಂಟದಿರಲಿ ಅಂತ ಪುಡಿ ಸವರಿರುತ್ತಾರೆ, ಅದರಿಂದ ಅದು ಅಷ್ಟು ನಯವಾಗಿ ಕರಗುವುದಿಲ್ಲ. ನೀರಿನಲ್ಲಿ ಅದ್ದಿಟ್ಟು ಮಾರುವ ಮೆತ್ತನೆಯ ಮೊಝರೆಲ್ಲಾ ಆದರೆ ಹರಿದು ಬಟ್ಟೆಯಲ್ಲಿ ಒತ್ತಿ ಹಾಕಿ, ಇಲ್ಲದಿದ್ದರೆ ಟ್ರೇ ತುಂಬ ನೀರು ಬಿಡುತ್ತದೆ. ಮುಚ್ಚದೆ 10 ನಿಮಿಷ, ಮೇಲೆ ಅಲ್ಲಲ್ಲಿ ಕಂದು ಕಲೆ ಬರುವವರೆಗೆ. ಹೊರಗೆ ತೆಗೆದ ಮೇಲೆ ಇನ್ನೂ ಹತ್ತು ನಿಮಿಷ ಮುಟ್ಟಬೇಡಿ. ಹಸಿದಾಗ ಇದೇ ಕಷ್ಟ ಅಲ್ವಾ? ಆದರೆ ಸಾಸ್ ಕೂಡಿಕೊಳ್ಳುವುದು ಆ ಹತ್ತು ನಿಮಿಷದಲ್ಲಿ.

ತರಕಾರಿ ವಿಷಯದಲ್ಲಿ ನಾನು ಕಲಿತದ್ದು ಇಷ್ಟು. ಈರುಳ್ಳಿಯನ್ನು ಹಸಿಯಾಗಿ ಹಾಕಿದರೆ ಟೊಮೆಟೊ ಹುಳಿಯಲ್ಲಿ ಬೇಗ ಮೆತ್ತಗಾಗುವುದಿಲ್ಲ, ಕಚ್ಚಿದರೆ ಕರಕರ ಅನ್ನುತ್ತದೆ. ಹುರಿಯಲು ಸಮಯವಿದ್ದರೆ ಹಾಕುತ್ತೇನೆ, ಇಲ್ಲದಿದ್ದರೆ ಬಿಡುತ್ತೇನೆ. ಕ್ಯಾಪ್ಸಿಕಂ, ಬಟಾಣಿ ಮೊದಲಿಂದಲೇ ಇರಬಹುದು. ಅಣಬೆ ತುಂಬ ನೀರು ಬಿಡುತ್ತದೆ, ಅದನ್ನು ಹಾಕುವ ದಿನ ಕಾಲು ಕಪ್ ನೀರು ಕಡಿಮೆ. ಪಾಲಕ್ ಕೊನೆಗೆ, ಚೀಸಿನ ಮುಂಚೆ. ಪೆನ್ನೆ ಬದಲು ಸುರುಳಿಯಾಕಾರದ ಫುಸಿಲಿ ಕೂಡ ಚೆನ್ನಾಗಿಯೇ ಬರುತ್ತದೆ. ಸ್ಪಗೆಟ್ಟಿ ಬೇಡ, ಗಂಟು ಕಟ್ಟುತ್ತದೆ.

ಒಟ್ಟು ಸುಮಾರು ಒಂದು ಗಂಟೆ ಹಿಡಿಯುತ್ತದೆ, ನಿಜ. ಅದರಲ್ಲಿ ನನ್ನ ಕೈಕೆಲಸ ಹತ್ತೇ ನಿಮಿಷ, ಉಳಿದ ಹೊತ್ತಲ್ಲಿ ಸ್ನಾನ ಮುಗಿಸಿ ಬರುತ್ತೇನೆ. ಇನ್ನೂ ಸಮಯ ಉಳಿಸಲು ಹಿಂದಿನ ರಾತ್ರಿಯೇ ಕಲಸಿ ಫ್ರಿಡ್ಜಿನಲ್ಲಿಡಬಹುದು ಅಂದುಕೊಂಡಿದ್ದೆ, ಇಟ್ಟೂ ನೋಡಿದೆ. ಪಾಸ್ತಾ ರಾತ್ರಿಯಿಡೀ ನೆನೆದು ಹಿಟ್ಟು ಹಿಟ್ಟಾಯಿತು. ಈಗ ಪ್ಯೂರಿ, ಬೆಳ್ಳುಳ್ಳಿ, ಎಣ್ಣೆ, ಉಪ್ಪು ಮಾತ್ರ ಒಂದು ಡಬ್ಬಿಯಲ್ಲಿ ಕಲಸಿಡುತ್ತೇನೆ, ಪಾಸ್ತಾ ಮತ್ತು ನೀರು ಆ ಹೊತ್ತಿಗೇ. ಡಬ್ಬಿಯಲ್ಲಿ ಯಾಕೆ ಅಂದರೆ, ಗಾಜಿನ ಟ್ರೇಯನ್ನು ಫ್ರಿಡ್ಜಿನಿಂದ ತೆಗೆದು ನೇರ ಬಿಸಿ ಓವನ್ನಿಗೆ ಇಟ್ಟರೆ ಒಡೆಯಬಹುದು. ಮಾರನೇ ದಿನಕ್ಕೆ ಉಳಿದರೆ ಎರಡು ಚಮಚ ನೀರು ಚಿಮುಕಿಸಿ, ಮುಚ್ಚಿ ಬಿಸಿ ಮಾಡಿ, ಸಾಸ್ ಮತ್ತೆ ಸಡಿಲಾಗುತ್ತದೆ.