ಎಚ್9 ಕೋಶಗಳಿಂದ ರೆಟಿನಾದ ಕಪ್ಪು ಪದರ: ಲ್ಯಾಬಿನಲ್ಲಿ ನಾವು ಮಾಡುವ ರೀತಿ

ರೆಟಿನಾದ ಹಿಂದಿನ ಕಪ್ಪು ಪದರವನ್ನು ನಾವು ಆಕರಕೋಶಗಳಿಂದ, ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬದಲಾಗಬಲ್ಲ ಮೂಲ ಕೋಶಗಳಿಂದ (ಸ್ಟೆಮ್ ಸೆಲ್), ಬೆಳೆಸುತ್ತೇವೆ. ಅದಕ್ಕೆ ಬಳಸುವುದು ಎಚ್9 ಕೋಶಸಾಲು, ಅಂದರೆ ಲ್ಯಾಬಿನಲ್ಲಿ ಬೆಳೆಯುತ್ತಲೇ ಇರುವ ಒಂದು ಕೋಶವಂಶ. 1998ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಥಾಮ್ಸನ್ ಅವರ ತಂಡ ಮಾನವ ಭ್ರೂಣದಿಂದ ಬೆಳೆಸಿದ ಮೊದಲ ಐದು ಸಾಲುಗಳಲ್ಲಿ ಇದೂ ಒಂದು. ಬೆಂಗಳೂರಿನಲ್ಲೇ ಹುಟ್ಟಿದ ಸಾಲುಗಳೂ ಇವೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡ, ಗುಣಮಟ್ಟ ಸಾಲದೆಂದು ಕೈಬಿಟ್ಟ ಐವಿಎಫ್ ಭ್ರೂಣಗಳಿಂದ ಬಿಜೆಎನ್‌ಹೆಮ್19 ಮತ್ತು ಬಿಜೆಎನ್‌ಹೆಮ್20 ಎಂಬ ಒಡಹುಟ್ಟು ಸಾಲುಗಳನ್ನು ಬೆಳೆಸಿತು. ಸಾಲು ಯಾವುದೇ ಇರಲಿ, ಕೈಕೆಲಸ ಹೆಚ್ಚುಕಮ್ಮಿ ಒಂದೇ.

ದ್ರವ ಸಾರಜನಕದಿಂದ ತೆಗೆದ ವಯಲನ್ನು (ಕೋಶಗಳನ್ನು ಹೆಪ್ಪುಗಟ್ಟಿಸಿಟ್ಟ ಪುಟ್ಟ ಸೀಸೆ) 37 ಡಿಗ್ರಿ ನೀರಿನಲ್ಲಿ ಆಡಿಸಿ, ಕಡಲೆಕಾಳಿನಷ್ಟು ಮಂಜು ಉಳಿದಿರುವಾಗಲೇ ಹೊರತೆಗೆಯಬೇಕು. ಅದಕ್ಕೆ 10 ಮಿ.ಲೀ. ಮೀಡಿಯಾವನ್ನು, ಅಂದರೆ ಕೋಶಗಳ ಪೋಷಕ ದ್ರವವನ್ನು, ಹನಿಹನಿಯಾಗಿ ಸೇರಿಸುತ್ತೇವೆ. ಒಮ್ಮೆಲೇ ಸುರಿದರೆ, ಹೆಪ್ಪುಗಟ್ಟುವಾಗ ಕೋಶಗಳನ್ನು ಕಾಪಾಡಲು ಸೇರಿಸಿದ್ದ ಒಳಗಿನ ಡಿಎಂಎಸ್‌ಒ ಹೊರಬರುವ ಮೊದಲೇ ನೀರು ನುಗ್ಗಿ ಕೋಶಗಳು ಒಡೆಯುತ್ತವೆ. ಸೆಂಟ್ರಿಫ್ಯೂಜಿನಲ್ಲಿ 200 ಜಿ ಬಲದಲ್ಲಿ 5 ನಿಮಿಷ ತಿರುಗಿಸಿ, ಮೇಲಿನ ದ್ರವ ತೆಗೆದು, ಕೋಶಗಳು ಅಂಟಿಕೊಳ್ಳಲೆಂದು ವಿಟ್ರೋನೆಕ್ಟಿನ್ ಎಂಬ ಪ್ರೋಟೀನು ಬಳಿದ, ಆರು ಗುಳಿಗಳ ಪ್ಲೇಟಿಗೆ ಹಾಕುವುದು. ಮೊದಲ ದಿನದ ಮೀಡಿಯಾದಲ್ಲಿ 10 ಮೈಕ್ರೋಮೋಲಾರ್ ವೈ-27632 ಎಂಬ ಔಷಧ ಇರಲೇಬೇಕು. ಮಾನವ ಆಕರಕೋಶ ಒಂಟಿಯಾದರೆ ತನ್ನ ಒಳಗಿನ ಎಳೆಗಳನ್ನೇ ಬಿಗಿದುಕೊಂಡು ಗುಳ್ಳೆಗುಳ್ಳೆಯಾಗಿ ಸಾಯುತ್ತದೆ. ಆ ಬಿಗಿತವನ್ನು ತಡೆಯುವ ಈ ಔಷಧ ಒಂಟಿ ಕೋಶಗಳನ್ನು ಬದುಕಿಸುತ್ತದೆಂದು 2007ರಲ್ಲಿ ಜಪಾನಿನ ತಂಡವೊಂದು ತೋರಿಸಿತು. ಅದಕ್ಕೂ ಮೊದಲು ಈ ಕೆಲಸ ಮಾಡುತ್ತಿದ್ದವರ ತಾಳ್ಮೆಗೆ ಕೈ ಮುಗಿಯಬೇಕು. 24 ಗಂಟೆ ಕಳೆದ ಮೇಲೆ ಔಷಧ ಬೇಡ.

ನಾವು ಬಳಸುವ ಮೀಡಿಯಾದ ಹೆಸರು ಎಸೆನ್ಷಿಯಲ್ 8. ಆಕರಕೋಶ ರೂಪ ಬದಲಿಸದಂತೆ ನೋಡಿಕೊಳ್ಳುವ, ಅದರಲ್ಲಿರುವ ಎಫ್‌ಜಿಎಫ್2 ಎಂಬ ಪ್ರೋಟೀನು 37 ಡಿಗ್ರಿಯಲ್ಲಿ ಬೇಗ ಹಾಳಾಗುವುದರಿಂದ ದಿನಾ ಬದಲಿಸಬೇಕು. ಭಾನುವಾರ, ದೀಪಾವಳಿ ಯಾವುದೂ ಕೋಶಗಳಿಗೆ ಗೊತ್ತಿಲ್ಲ. ತಳ ಸುಮಾರು ಶೇ. 70 ತುಂಬಿದಾಗ, ಅಂದರೆ ನಾಲ್ಕೈದು ದಿನಕ್ಕೊಮ್ಮೆ, ಪ್ಯಾಸೇಜ್, ಅಂದರೆ ಕೋಶಗಳನ್ನು ಎಬ್ಬಿಸಿ ಹೊಸ ಪ್ಲೇಟುಗಳಿಗೆ ಹಂಚುವುದು. ಕೋಶಗಳ ಹಿಡಿತ ಸಡಿಲಿಸುವ ಇಡಿಟಿಎ ಎಂಬ ರಾಸಾಯನಿಕವನ್ನು 0.5 ಮಿಲಿಮೋಲಾರ್ ಹಾಕಿ 3ರಿಂದ 5 ನಿಮಿಷ ಬಿಟ್ಟು, ಕಾಲೊನಿಯೊಳಗೆ (ಕೋಶಗಳ ಗುಂಪಿನೊಳಗೆ) ಬಿರುಕು ಕಾಣಿಸಿದ ಕೂಡಲೇ ಇಡಿಟಿಎ ತೆಗೆದು, ಮೀಡಿಯಾದಿಂದ ಮೂರು ನಾಲ್ಕು ಸಲ ಮೆಲ್ಲಗೆ ತೊಳೆದು ಎಬ್ಬಿಸುತ್ತೇವೆ. ಹೊಸಬರು ತಪ್ಪುವುದು ಇಲ್ಲೇ. ಒಂದೂ ಬಿಡಬಾರದೆಂದು ಪಿಪೆಟ್ಟಿನಲ್ಲಿ ಹತ್ತು ಹದಿನೈದು ಸಲ ಎಳೆದು ಬಿಟ್ಟು ಗುಂಪುಗಳನ್ನೆಲ್ಲ ಪುಡಿ ಮಾಡಿಬಿಡುತ್ತಾರೆ. ಸ್ವಲ್ಪ ಕೋಶ ತಳದಲ್ಲೇ ಉಳಿಯಲಿ. ಬೇಗ ರೂಪ ಬದಲಿಸಿ ಚಪ್ಪಟೆಯಾದ ಕೋಶಗಳು ಆಮೇಲೆ ಏಳುವುದರಿಂದ, ಹಾಗೆ ಬಿಟ್ಟರೆ ಅವೂ ಹಿಂದೆ ಉಳಿಯುತ್ತವೆ.

ಬೆಂಗಳೂರಿನವರಿಗೆ ಒಂದು ಮಾತು. ನಾವಿರುವುದು ಸುಮಾರು 900 ಮೀಟರ್ ಎತ್ತರದಲ್ಲಿ, ಗಾಳಿಯ ಒತ್ತಡ ಕಡಲತೀರಕ್ಕಿಂತ ಸುಮಾರು ಶೇ. 10 ಕಡಿಮೆ. ಕೋಶ ಬೆಳೆಸುವ ಇನ್‌ಕ್ಯುಬೇಟರಿಗೆ ಕೈಪಿಡಿ ಹೇಳುವ ಶೇ. 5 ಇಂಗಾಲದ ಡೈಆಕ್ಸೈಡ್ ಇಲ್ಲಿ ತುಸು ಸಾಲದು, ಆಮ್ಲೀಯತೆ ತಗ್ಗಿ ಮೀಡಿಯಾ ಗುಲಾಬಿಯತ್ತ ತಿರುಗುತ್ತದೆ. ನಾವು 5.5ಕ್ಕೆ ಇಟ್ಟು, ಪಿಎಚ್ ಅಳೆದು ಸರಿ ಮಾಡಿಕೊಳ್ಳುತ್ತೇವೆ.

ಕೋಶಗಳು ಇದ್ದಕ್ಕಿದ್ದಂತೆ ಸೊಗಸಾಗಿ ಬೆಳೆಯತೊಡಗಿದರೆ ಖುಷಿಪಡಬೇಡಿ. ಒಂಟಿ ಮಾಡಿದರೂ ಸಾಯುತ್ತಿಲ್ಲ, ನಾಲ್ಕು ದಿನದ ಕೆಲಸ ಮೂರೇ ದಿನಕ್ಕೆ ಮುಗಿಯುತ್ತಿದೆ ಎಂದರೆ ಮೊದಲ ಅನುಮಾನ 20ನೇ ಕ್ರೋಮೋಸೋಮಿನ ಮೇಲೆ. ಅದರ 20ಕ್ಯು11.21 ಎಂಬ ತುಣುಕು ಹೆಚ್ಚುವರಿಯಾಗಿ ಸೇರಿಕೊಂಡರೆ, ಸಾವನ್ನು ತಡೆಯುವ ಬಿಸಿಎಲ್2ಎಲ್1 ಜೀನಿನ ಪ್ರತಿಯೂ ಹೆಚ್ಚುತ್ತದೆ. ಅಂಥ ಕೋಶ ಕೆಲವೇ ಪ್ಯಾಸೇಜಿನಲ್ಲಿ ಇಡೀ ಪ್ಲೇಟನ್ನು ಆಕ್ರಮಿಸುತ್ತದೆ. ತುಣುಕು ಚಿಕ್ಕದಾದ್ದರಿಂದ ಕ್ರೋಮೋಸೋಮುಗಳಿಗೆ ಬಣ್ಣ ಹಾಕಿ ನೋಡುವ ಮಾಮೂಲಿ ಜಿ-ಬ್ಯಾಂಡಿಂಗ್ ಕ್ಯಾರಿಯೋಟೈಪಿನಲ್ಲಿ ಎಲ್ಲ ಸರಿಯಿದೆ ಎಂದೇ ವರದಿ ಬರಬಹುದು. ಹಾಗಾಗಿ 10 ಪ್ಯಾಸೇಜಿಗೊಮ್ಮೆ ಕ್ಯಾರಿಯೋಟೈಪಿನ ಜೊತೆಗೆ ಈ ತುಣುಕಿಗಾಗಿಯೇ, ಜೀನಿನ ಪ್ರತಿ ಎಷ್ಟಿದೆ ಎಂದು ಅಳೆಯುವ ಕ್ಯೂಪಿಸಿಆರ್ ಪರೀಕ್ಷೆ ಮಾಡುತ್ತೇವೆ. ಸಿಕ್ಕರೆ ಪ್ಲೇಟು ಕಸಕ್ಕೆ, ಹಳೆಯ ವಯಲಿನಿಂದ ಮತ್ತೆ ಶುರು.

ಇನ್ನು ಕಪ್ಪು ಪದರ. ರೆಟಿನಾದ ಹಿಂದಿರುವ ಆರ್‌ಪಿಇ ಎಂಬ ವರ್ಣಕೋಶಗಳ ಪದರ ಸತ್ತರೆ ಅದರ ಮೇಲಿನ ಬೆಳಕು ಹಿಡಿಯುವ ಕೋಶಗಳೂ ಸಾಯುತ್ತವೆ. ವಯಸ್ಸಾದವರ ದೃಷ್ಟಿ ಮಧ್ಯದಲ್ಲೇ ಮಸುಕಾಗುವ ಮ್ಯಾಕ್ಯುಲಾ ಕಾಯಿಲೆಯಲ್ಲಿ ಆಗುವುದು ಇದೇ. ಆಕರಕೋಶಗಳಿಂದ ಇದನ್ನು ಮಾಡುವುದು ಆಶ್ಚರ್ಯವಾಗುವಷ್ಟು ಸುಲಭ: ಪ್ಲೇಟು ತುಂಬಿ ಒತ್ತೊತ್ತಾಗಲಿ, ಎಫ್‌ಜಿಎಫ್2 ನಿಲ್ಲಿಸಿ, ಕಾಯಿರಿ. ಈ ಬದಲಾವಣೆಗೆ ನೆರವಾಗಲೆಂದು ನಾವು 10 ಮಿಲಿಮೋಲಾರ್ ನಿಕೋಟಿನಮೈಡ್ (ಬಿ3 ವಿಟಮಿನ್ನಿನ ಒಂದು ರೂಪ) ಹಾಕುತ್ತೇವೆ. ಮೂರು ಮತ್ತು ನಾಲ್ಕನೇ ವಾರ ಮಿ.ಲೀ.ಗೆ 100 ನ್ಯಾನೋಗ್ರಾಂ ಆಕ್ಟಿವಿನ್-ಎ ಎಂಬ ಪ್ರೋಟೀನು ಕೂಡ. ಐದಾರು ವಾರಕ್ಕೆ ಕಾಫಿಪುಡಿ ಚೆಲ್ಲಿದಂತೆ ಕಂದು ಚುಕ್ಕೆಗಳು ಮೂಡುತ್ತವೆ. ಅವು ಒಂದು ಮಿ.ಮೀ. ಅಗಲವಾಗುವವರೆಗೆ, ಹತ್ತನೇ ವಾರದವರೆಗಾದರೂ, ಬಿಟ್ಟು, ಸೂಕ್ಷ್ಮದರ್ಶಕದಡಿ ಬ್ಲೇಡಿನಿಂದ ಒಂದೊಂದನ್ನೇ ಕತ್ತರಿಸಿ ಎತ್ತುತ್ತೇವೆ. ಅಂಚಿನ ಬಿಳಿ ಕೋಶಗಳನ್ನು ಬಿಟ್ಟು ಒಳಗಿನಿಂದಲೇ ಕತ್ತರಿಸಿ, ಆಸೆ ಬೇಡ.

ಮರುನಾಟಿ ಮಾಡಿದ ಕೂಡಲೇ ಬಣ್ಣ ಹೋಗಿ ಕೋಶಗಳು ಉದ್ದುದ್ದ ಆಗುತ್ತವೆ. ಗಾಬರಿ ಬೇಡ. ಚದರ ಸೆಂ.ಮೀ.ಗೆ ಒಂದು ಲಕ್ಷದಂತೆ ದಟ್ಟವಾಗಿ ನೆಟ್ಟರೆ ನಾಲ್ಕಾರು ವಾರದಲ್ಲಿ ಜೇನುಗೂಡಿನಂಥ ಆರು ಮೂಲೆಯ ಕೋಶಗಳು ಮತ್ತೆ ಕಪ್ಪಾಗುತ್ತವೆ. ತೆಳುವಾಗಿ ನೆಟ್ಟರೆ, ಇಲ್ಲವೇ ನಾಲ್ಕೈದು ಸಲ ಮರುನಾಟಿ ಮಾಡಿದರೆ, ಉದ್ದವಾದವು ಉದ್ದವಾಗಿಯೇ ಉಳಿಯುತ್ತವೆ. ಅವು ಪದರವಾಗುವುದಿಲ್ಲ, ಕಣ್ಣಿನೊಳಗೆ ಗಾಯದ ಕಲೆಯಂತಾಗುವ ಅಪಾಯವೂ ಇದೆ.

ನಮ್ಮ ಅರ್ಧ ಸಮಯ ಹೋಗುವುದು ಇದಾದ ಮೇಲೆ, ಒಂದಾದರೂ ಆಕರಕೋಶ ಬದಲಾಗದೆ ಉಳಿದಿದೆಯೇ ಎಂದು ಹುಡುಕುವುದರಲ್ಲಿ. ಉಳಿದರೆ ಟೆರಟೋಮ, ಅಂದರೆ ಹಲ್ಲು, ಕೂದಲು, ಮೂಳೆ ಎಲ್ಲ ಕಲಸಿದ ಗಡ್ಡೆ. ಕೋಶಗಳನ್ನು ಒಂದೊಂದಾಗಿ ಬೆಳಕಿನಲ್ಲಿ ಹಾಯಿಸಿ ಎಣಿಸುವ ಫ್ಲೋ ಸೈಟೋಮೆಟ್ರಿಯಲ್ಲಿ ಸಾವಿರಕ್ಕೆ ಒಂದು ಸಿಕ್ಕರೆ ಸಿಕ್ಕಿತು. ಆ ಲೆಕ್ಕದಲ್ಲಿ ಒಂದು ಲಕ್ಷದಲ್ಲಿ 100 ಅಡಗಿರಬಹುದು. ಎಲ್‌ಐಎನ್28ಎ ಎಂಬ, ಆಕರಕೋಶದಲ್ಲಿ ಚುರುಕಾಗಿರುವ ಜೀನಿನ ಕ್ಯೂಪಿಸಿಆರ್ ಶೇ. 0.002ರವರೆಗೂ ಇಳಿಯುತ್ತದೆ, ಲಕ್ಷಕ್ಕೆ ಎರಡು. ಪರೀಕ್ಷೆ ಅಷ್ಟು ಚುರುಕಾಗಿದೆಯೇ ಎಂದು ತಿಳಿಯಲು, ಶುದ್ಧ ಆರ್‌ಪಿಇಗೆ ಎಣಿಸಿದಷ್ಟು ಎಚ್9 ಬೆರೆಸಿ, ಎಷ್ಟರವರೆಗೆ ಹಿಡಿಯುತ್ತದೆಂದು ಪ್ರತಿ ಹೊಸ ಕಿಟ್ಟಿನಲ್ಲೂ ನೋಡಬೇಕು. ಈ ಹೆಜ್ಜೆ ಇಲ್ಲದೆ "ಶೇ. 100 ಶುದ್ಧ" ಎಂದು ಬರೆದ ವರದಿಯನ್ನು ನಾವು ನಂಬುವುದಿಲ್ಲ.

ಭ್ರೂಣಕೋಶದ ಚಿಕಿತ್ಸೆ ಕಣ್ಣಿನಲ್ಲಿ ಬೇಗ ಮುಂದುವರಿಯಲು ಈ ಲೆಕ್ಕವೂ ಒಂದು ಕಾರಣ, ಅಲ್ಲಿ ಕಡಿಮೆ ಕೋಶ ಸಾಕು. ಅಮೆರಿಕದಲ್ಲಿ 2012ರಲ್ಲಿ ವರದಿಯಾದ ಮೊದಲ ಇಬ್ಬರು ರೋಗಿಗಳಿಗೆ ಕೊಟ್ಟದ್ದು ತಲಾ 50,000 ಕೋಶ. ಲಂಡನ್ನಿನ ತಂಡ 2018ರಲ್ಲಿ ವರದಿ ಮಾಡಿದ್ದು 6×3 ಮಿ.ಮೀ. ಪಾಲಿಯೆಸ್ಟರ್ ಪೊರೆಯ ಮೇಲೆ ಬೆಳೆಸಿದ ಪದರ. ಅದೂ ಸುಮಾರು ಒಂದು ಲಕ್ಷವಷ್ಟೇ. ಬಿಡಿ ಕೋಶಗಳನ್ನು ಚುಚ್ಚಿದರೆ ವಯಸ್ಸಾದ ಕಣ್ಣಿನ ಸವೆದ ತಳಪೊರೆಗೆ ಅವು ಸರಿಯಾಗಿ ಅಂಟುವುದಿಲ್ಲ, ಅದಕ್ಕೇ ಪೊರೆ. ಇಟ್ಟ ಮೇಲೆ ಡಾಕ್ಟರು ಪಾಪೆಯ ಮೂಲಕ ನೇರವಾಗಿ ನೋಡಬಹುದು.

ಮಧುಮೇಹದ ಲೆಕ್ಕವೇ ಬೇರೆ. ಆಕರಕೋಶಗಳಿಂದ ಮಾಡಿದ ಇನ್ಸುಲಿನ್ ಉತ್ಪಾದಿಸುವ ಕೋಶಗಳನ್ನು ಕೊಡುವ, ವರ್ಟೆಕ್ಸ್ ಕಂಪನಿಯ ಜಿಮಿಸ್ಲೆಸೆಲ್ ಪ್ರಯೋಗದಲ್ಲಿ ಪೂರ್ತಿ ಡೋಸ್ ಪಡೆದ 12 ಜನರಲ್ಲಿ 10 ಮಂದಿ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಚುಚ್ಚಿಕೊಳ್ಳುವ ಅಗತ್ಯವಿಲ್ಲದೆ ಇದ್ದರೆಂದು 2025ರಲ್ಲಿ ವರದಿಯಾಯಿತು. ನಿಜಕ್ಕೂ ದೊಡ್ಡ ಫಲಿತಾಂಶ. ಆದರೆ ಆ ಡೋಸ್ 80 ಕೋಟಿ ಕೋಶಗಳದ್ದು. ಶೇ. 0.002 ಹಿಡಿಯುವ ಪರೀಕ್ಷೆಯೊಂದೇ ಅಲ್ಲಿದ್ದರೆ 16,000 ಕೋಶಗಳು ಅದರ ಕಣ್ತಪ್ಪಿ ಹೋಗಬಹುದು. ಹಾಗಾಗಿ ಪ್ರಮಾಣ ಏರಿದಂತೆ ತಪಾಸಣೆಯನ್ನೂ ಹೊಸದಾಗಿ ಕಟ್ಟಬೇಕು. ಜೊತೆಗೆ ಬೇರೆಯವರ ಕೋಶವಾದ್ದರಿಂದ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನಿಲ್ಲಿಸುವಂತಿಲ್ಲ.

ಲ್ಯಾಬಿಗೆ ಫೋನ್ ಮಾಡುವ ರೋಗಿಗಳ ಮನೆಯವರಿಗೆ ನಾವು ಹೇಳುವುದು ಇಷ್ಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಭಾರತದಲ್ಲಿ ಚಿಕಿತ್ಸೆಯಾಗಿ ಒಪ್ಪಿಗೆ ಇದ್ದದ್ದು ನಿಗದಿತ ಕಾಯಿಲೆಗಳಿಗೆ ಮಾಡುವ ರಕ್ತದ ಆಕರಕೋಶದ ಕಸಿಗೆ ಮಾತ್ರ. ಒಪ್ಪಿಗೆ ಸಿಗದ ಉಳಿದದ್ದೆಲ್ಲ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್ ಆಗಿರಬೇಕು. ಆಸ್ಪತ್ರೆಯವರಿಂದ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆಪಟ್ಟಿ) ನೋಂದಣಿ ಸಂಖ್ಯೆ ಕೇಳಿ, ಅದರ ಜಾಲತಾಣದಲ್ಲಿ ನೀವೇ ಹುಡುಕಿ ನೋಡಿ. ಯಾವ ಕೋಶಸಾಲು, ಎಷ್ಟನೇ ಪ್ಯಾಸೇಜ್, ಉಳಿಕೆ ಆಕರಕೋಶದ ಪರೀಕ್ಷೆ ಯಾವುದು ಎಂದೂ ಕೇಳಿ. ನಿಜವಾಗಿ ಕೋಶ ಬೆಳೆಸುವವರು ಇದಕ್ಕೆ ಕಾಗದ ತೆಗೆದು ತೋರಿಸುತ್ತಾರೆ, ಕೌಂಟರಿನಲ್ಲಿ ಲಕ್ಷಗಟ್ಟಲೆ ಮುಂಗಡ ಕಟ್ಟಿ ಎನ್ನುವುದಿಲ್ಲ.