ಬ್ಯಾಶ್‌ನಿಂದ ಝೆಡ್ ಶೆಲ್‌ಗೆ: ಮಳೆಗಾಲ ಹಿಡಿಯುವ ಮೊದಲೇ ಬದಲಿಸಿಕೊಳ್ಳಿ

ಕೊಡಗಿನ ಕಕ್ಕಡ ಮಾಸದ ಮಳೆಗೆ ಲೈನ್ ಮೇಲೆ ಮರ ಬಿತ್ತೆಂದರೆ ಮಡಿಕೇರಿ, ಸೋಮವಾರಪೇಟೆ ಕಡೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು. ಯುಪಿಎಸ್ ಇಲ್ಲದ ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಬ್ಯಾಶ್ (ಟೈಪ್ ಮಾಡಿದ ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ, ಅಂದರೆ ಶೆಲ್) ಬಳಸುವವರಿಗೆ ಆಗ ಇನ್ನೊಂದು ನಷ್ಟ: ಮಾಮೂಲಿ ಸೆಟ್ಟಿಂಗ್‌ನಲ್ಲಿ ಬ್ಯಾಶ್ ಹಿಸ್ಟರಿಯನ್ನು, ಅಂದರೆ ಕೊಟ್ಟ ಕಮಾಂಡ್‌ಗಳ ಪಟ್ಟಿಯನ್ನು, ಫೈಲಿಗೆ ಬರೆಯುವುದು ಟರ್ಮಿನಲ್ ಮುಚ್ಚುವಾಗ. ಬೆಳಗಿನಿಂದ ತಿದ್ದಿ ತಿದ್ದಿ ಸರಿಮಾಡಿದ ಉದ್ದದ ಕಮಾಂಡ್‌ಗಳೆಲ್ಲ ಕರೆಂಟ್ ಜೊತೆಗೇ ಹೋಗುತ್ತವೆ. ಅವನ್ನು ಉಳಿಸಿಕೊಳ್ಳುವುದಷ್ಟೇ ಬೇಕಿದ್ದರೆ ಬ್ಯಾಶ್‌ನ ಪ್ರಾಂಪ್ಟ್_ಕಮಾಂಡ್ ಎಂಬ ಸೆಟ್ಟಿಂಗ್‌ನಲ್ಲಿ 'ಹಿಸ್ಟರಿ -ಎ' ಹಾಕಿದರೂ ಸಾಕು. ಟ್ಯಾಬ್ ಒತ್ತಿದಾಗ ಒಳ್ಳೆಯ ಆಯ್ಕೆಪಟ್ಟಿ, ಟೈಪ್ ಮಾಡುವಾಗಲೇ ಸಲಹೆ ಎಲ್ಲ ಬೇಕಿದ್ದರೆ ಇನ್ನೊಂದು ಶೆಲ್ ಆದ ಝೆಡ್ ಶೆಲ್‌ಗೆ (ಕಮಾಂಡ್ ಹೆಸರು ಝೆಡ್‌ಎಸ್‌ಎಚ್) ಹೋಗಿ.

ಉಬುಂಟು, ಡೆಬಿಯನ್‌ಗಳಲ್ಲಿ ನೆಟ್ ಚೆನ್ನಾಗಿರುವಾಗಲೇ ಮೂರು ಪ್ಯಾಕೇಜ್‌ಗಳನ್ನು ಆ್ಯಪ್ಟ್ ಎಂಬ ಇನ್‌ಸ್ಟಾಲ್ ಕಮಾಂಡ್‌ನಿಂದ ಹಾಕಿಕೊಳ್ಳಿ: ಝೆಡ್‌ಎಸ್‌ಎಚ್, ಝೆಡ್‌ಎಸ್‌ಎಚ್-ಆಟೋಸಜೆಷನ್ಸ್, ಝೆಡ್‌ಎಸ್‌ಎಚ್-ಸಿಂಟ್ಯಾಕ್ಸ್-ಹೈಲೈಟಿಂಗ್. ಝೆಡ್ ಶೆಲ್‌ನ ಸೆಟ್ಟಿಂಗ್, ಪ್ಲಗಿನ್‌ಗಳನ್ನೆಲ್ಲ ಒಟ್ಟಿಗೆ ಕೊಡುವ ಓ ಮೈ ಝೆಡ್‌ಎಸ್‌ಎಚ್‌ನಂಥ ದೊಡ್ಡ ಚೌಕಟ್ಟು ಬೇಡ. ಅದು ಆಗಾಗ ಅಪ್‌ಡೇಟ್‌ಗೆಂದು ನೆಟ್ ಹುಡುಕುತ್ತದೆ, ಟವರ್ ಸತ್ತ ದಿನ ಅದೇ ರಗಳೆ.

ಡೀಫಾಲ್ಟ್ ಶೆಲ್ ತಕ್ಷಣ ಬದಲಿಸಬೇಡಿ. ಬ್ಯಾಶ್ ಒಳಗೇ 'ಝೆಡ್‌ಎಸ್‌ಎಚ್' ಎಂದು ಟೈಪ್ ಮಾಡಿ ಒಳಹೊಕ್ಕು ನೋಡಿ. ಮೊದಲ ಸಲ ಒಂದು ಮೆನು ಬರುತ್ತದೆ, 0 ಒತ್ತಿದರೆ ಹೋಮ್ ಫೋಲ್ಡರ್‌ನಲ್ಲಿ .ಝೆಡ್‌ಎಸ್‌ಎಚ್‌ಆರ್‌ಸಿ ಎಂಬ ಸೆಟ್ಟಿಂಗ್ ಫೈಲ್ ಸಿದ್ಧವಾಗುತ್ತದೆ. ಅದರಲ್ಲಿ ಹಿಸ್ಟ್‌ಫೈಲ್‌ಗೆ ಒಂದು ಫೈಲಿನ ಹೆಸರು, ಹಿಸ್ಟ್‌ಸೈಜ್ ಮತ್ತು ಸೇವ್‌ಹಿಸ್ಟ್ ಎರಡಕ್ಕೂ 50000 ಕೊಡಿ. ಸೇವ್‌ಹಿಸ್ಟ್ ಮರೆತರೆ ಏನೂ ಉಳಿಯದು. ಕೆಳಗೆ 'ಸೆಟ್‌ಆಪ್ಟ್ ಇಂಕ್_ಅಪೆಂಡ್_ಹಿಸ್ಟರಿ' ಸೇರಿಸಿ. ಎಂಟರ್ ಒತ್ತುತ್ತಿದ್ದಂತೆ ಪ್ರತಿ ಕಮಾಂಡ್ ಫೈಲಿಗೆ ಹೋಗುತ್ತದೆ. ಡಿಸ್ಕ್‌ಗೆ ಇಳಿಯಲು ಕೆಲವು ಸೆಕೆಂಡು ಬೇಕು, ಹಾಗಾಗಿ ಕೊನೆಯ ಒಂದೆರಡು ತಪ್ಪಬಹುದು. ತೆರೆದ ಟರ್ಮಿನಲ್‌ಗಳ ನಡುವೆ ಹಿಸ್ಟರಿ ಹಂಚುವ 'ಶೇರ್_ಹಿಸ್ಟರಿ'ಯನ್ನು ಇದರ ಜೊತೆ ಹಾಕಬೇಡಿ, ಎರಡರಲ್ಲಿ ಒಂದು ಸಾಕು.

ಟ್ಯಾಬ್ ಒತ್ತಿದಾಗ ಪದ ಪೂರ್ತಿಯಾಗಲು ಅದೇ ಫೈಲಿನಲ್ಲಿ 'ಆಟೋಲೋಡ್ -ಯುಝೆಡ್ ಕಾಂಪ್‌ಇನಿಟ್', ಮುಂದಿನ ಸಾಲಿನಲ್ಲಿ 'ಕಾಂಪ್‌ಇನಿಟ್'. ಆಮೇಲೆ /ಯುಎಸ್‌ಆರ್/ಶೇರ್ ಅಡಿಯಲ್ಲಿರುವ ಎರಡು ಪ್ಲಗಿನ್ ಫೈಲ್‌ಗಳನ್ನು 'ಸೋರ್ಸ್' ಕಮಾಂಡ್‌ನಿಂದ ಓದಿಸಿ. ಸಿಂಟ್ಯಾಕ್ಸ್ ಹೈಲೈಟಿಂಗ್ ಎಲ್ಲಕ್ಕಿಂತ ಕೊನೆಗೆ ಬರಲೇಬೇಕು.

ಬ್ಯಾಶ್‌ನ ಹಳೆಯ ಸೆಟ್ಟಿಂಗ್ ಫೈಲ್ .ಬ್ಯಾಶ್‌ಆರ್‌ಸಿಯನ್ನು ಇಡಿಯಾಗಿ ನಕಲು ಮಾಡಿದರೆ 'ಶಾಪ್ಟ್' ಎಂಬ ಬ್ಯಾಶ್ ಕಮಾಂಡ್ ಸಿಗಲಿಲ್ಲ ಎಂದು ಝೆಡ್ ಶೆಲ್ ದೂರುತ್ತದೆ. ಪಾತ್ (ಪ್ರೋಗ್ರಾಂ ಹುಡುಕುವ ಫೋಲ್ಡರ್‌ಗಳು) ಮತ್ತು ಏಲಿಯಾಸ್ (ಕಮಾಂಡ್‌ಗೆ ಇಟ್ಟ ಅಡ್ಡಹೆಸರು) ಸಾಲುಗಳನ್ನು ಮಾತ್ರ ತನ್ನಿ. ಯಾವ ಫೈಲಿಗೂ ಹೊಂದದ ವೈಲ್ಡ್‌ಕಾರ್ಡ್ (* ಚಿಹ್ನೆಯಂಥದ್ದು) ಕೊಟ್ಟರೆ ಕಮಾಂಡ್ ಓಡದೆ ಅಲ್ಲೇ ನಿಲ್ಲುತ್ತದೆ, ಅಂಥ ಪದವನ್ನು ಉದ್ಧರಣ ಚಿಹ್ನೆಯೊಳಗಿಡಿ. ಅರೇ (ಮೌಲ್ಯಗಳ ಪಟ್ಟಿ) ಎಣಿಕೆ ಇಲ್ಲಿ 1ರಿಂದ ಶುರು. ಮೊದಲ ಸಾಲಿನಲ್ಲಿ ಬ್ಯಾಶ್‌ನ ಹೆಸರಿರುವ ಸ್ಕ್ರಿಪ್ಟ್‌ಗಳನ್ನು ನೇರವಾಗಿ ಓಡಿಸಿದರೆ ಅವು ಬ್ಯಾಶ್‌ನಲ್ಲೇ ಓಡುತ್ತವೆ.

ಒಂದು ವಾರ ತೊಂದರೆಯಿಲ್ಲದೆ ನಡೆದರೆ ಡೀಫಾಲ್ಟ್ ಶೆಲ್ ಬದಲಿಸಲು 'ಸಿಎಚ್‌ಎಸ್‌ಎಚ್ -ಎಸ್ /ಯುಎಸ್‌ಆರ್/ಬಿನ್/ಝೆಡ್‌ಎಸ್‌ಎಚ್' ಕೊಟ್ಟು, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಒಪ್ಪದಿದ್ದರೆ /ಇಟಿಸಿ/ಶೆಲ್ಸ್ ಫೈಲಿನಲ್ಲಿ /ಯುಎಸ್‌ಆರ್/ಬಿನ್/ಝೆಡ್‌ಎಸ್‌ಎಚ್ ಎಂಬ ಸಾಲು ಇದೆಯೇ ನೋಡಿ. ರೂಟ್ ಬಳಕೆದಾರನ (ಎಲ್ಲ ಅಧಿಕಾರವಿರುವ ಖಾತೆಯ) ಶೆಲ್ ಮಾತ್ರ ಮುಟ್ಟಬೇಡಿ. ಸೆಟ್ಟಿಂಗ್ ಕೆಟ್ಟು ಪ್ರಾಂಪ್ಟ್ ಬಾರದಿದ್ದರೆ 'ಝೆಡ್‌ಎಸ್‌ಎಚ್ -ಎಫ್' ನಿಮ್ಮ ಫೈಲನ್ನು ಓದದೆ ತೆರೆಯುತ್ತದೆ. ಅಲ್ಲಿಂದಲೇ ತಪ್ಪಿದ ಸಾಲನ್ನು ತಿದ್ದಬಹುದು.