ಮಿಠಾಯಿ ಸುತ್ತಿದ ಕಾಗದ ಎಸೆಯಬೇಡಿ, ತನ್ನಿ

ನಾನು ಮಂಗಳೂರಿನ ಹೊರವಲಯದ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಟೀಚರ್. 2023ರ ಜುಲೈಯಲ್ಲಿ ನಗರದ ಕಾರ್‌ಸ್ಟ್ರೀಟ್, ಫಳ್ನೀರಿನ ಎರಡು ಅಂಗಡಿಗಳಿಂದ ಪೊಲೀಸರು 100 ಕಿಲೋಗೂ ಹೆಚ್ಚು ಬಂಗಿ (ಗಾಂಜಾ ಗಿಡದ ಎಲೆಯ ಅಮಲು ಪದಾರ್ಥ) ಚಾಕಲೇಟು ಹಿಡಿದ ಸುದ್ದಿ ಬಂತಲ್ಲ, ಮರುದಿನ ಬೆಳಿಗ್ಗೆ ಏಳು ಗಂಟೆಗೇ ಫೋನು ಶುರುವಾಯಿತು. "ಟೀಚರೇ, ಇವನು ನಿನ್ನೆ ಯಾವುದೋ ಚಾಕಲೇಟು ತಿಂದಿದ್ದಾನೆ, ಏನು ಮಾಡುವುದು?"

ಅದೇ ಹೊತ್ತಿಗೆ ತಾಯಂದಿರ ಗುಂಪಿನಲ್ಲಿ ಹಳೆಯ ಸಂದೇಶವೊಂದು ಮತ್ತೆ ಬಂದು ಬಿತ್ತು: ಸ್ಟ್ರಾಬೆರಿ ವಾಸನೆಯ ಮಾದಕವಸ್ತುವನ್ನು ಶಾಲೆಯ ಗೇಟಿನಲ್ಲಿ ಮಿಠಾಯಿಯೆಂದು ಹಂಚುತ್ತಿದ್ದಾರೆ ಎಂದು. 2007ರ ಸುಮಾರಿಗೆ ಅಮೆರಿಕದಲ್ಲಿ ಹರಡಿದ ಈ ಮಾತು ಊರಿನ ಹೆಸರು ಬದಲಿಸಿಕೊಂಡು ತಿರುಗುತ್ತಲೇ ಇದೆ. ಹಿಂದಿನ ವರ್ಷ ಅದನ್ನು ಗುಂಪಿಗೆ ಹಾಕಿದವಳು ನಾನೇ. ಅದಕ್ಕೆ ಈಗಲೂ ಬೇಸರ ಉಂಟು. ಪುಕ್ಕಟೆ ಹಂಚುವ ಅಪರಿಚಿತನನ್ನು ನಾವು ಗೇಟಿನಲ್ಲಿ ಕಾಯುತ್ತಿದ್ದೆವು. ಪೊಲೀಸರಿಗೆ ಸಿಕ್ಕಿದ ಸರಕು ದುಡ್ಡಿಗೆ ಮಾರುವ ಅಂಗಡಿಯಲ್ಲಿತ್ತು.

ಮೂರರಿಂದ ಏಳನೇ ತರಗತಿಯ ಮಕ್ಕಳಿಗೆ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟೆ. ತಿಂದ ಮಿಠಾಯಿಯ ಕಾಗದವೆಲ್ಲ ಇದಕ್ಕೆ, ಯಾರಿಗೂ ಬೈಗುಳ ಇಲ್ಲ ಎಂದೆ. ಒಂದು ವಾರ ಬಿಟ್ಟು ಮೇಜಿನ ಮೇಲೆ ಸುರಿದು ನೋಡಿದರೆ ಹುಣಸೆ ಮಿಠಾಯಿ, ಒಂದು ರೂಪಾಯಿಯ ಚಾಕಲೇಟು, ಜೆಲ್ಲಿ. ನಡುವೆ ಶಿವನ ಚಿತ್ರದ ಒಂದು ಖಾಲಿ ಪೊಟ್ಟಣ, ಬರಹವೆಲ್ಲ ಹಿಂದಿಯಲ್ಲಿ. ನಮ್ಮ ಹಿಂದಿ ಟೀಚರ್ ಓದಿದರು: ಮುನಕ್ಕಾ, ಅಂದರೆ ಒಣದ್ರಾಕ್ಷಿ, ಜೀರ್ಣಕ್ಕೆ ಒಳ್ಳೆಯದು, ಕೆಳಗೆ ಸಣ್ಣ ಅಕ್ಷರದಲ್ಲಿ ಭಾಂಗ್, ಅಂದರೆ ಬಂಗಿ. ತಂದ ಹುಡುಗ ಹೇಳಿದ, "ಬಸ್‌ಸ್ಟ್ಯಾಂಡಲ್ಲಿ ಬಿದ್ದಿತ್ತು, ದೇವರ ಚಿತ್ರ ಅಂತ ಎತ್ತಿಕೊಂಡೆ."

ಹೆತ್ತವರ ಸಭೆಯಲ್ಲಿ ಆ ಪೊಟ್ಟಣವನ್ನೇ ಕೈಯಿಂದ ಕೈಗೆ ದಾಟಿಸಿದೆ. 1985ರ ಮಾದಕವಸ್ತು ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ಬರೀ ಎಲೆ ಅದರಲ್ಲಿ ಸೇರುವುದಿಲ್ಲ, ಹಾಗಾಗಿ ಬಂಗಿ ಅಬಕಾರಿ ಕಾನೂನಿನ ಕೆಳಗೆ ಬರುತ್ತದೆ. ಮಂಗಳೂರಿನ ಸರಕಿನಲ್ಲಿ ಗಾಂಜಾ ಅಂಶ ಇದ್ದದ್ದು ಪ್ರಯೋಗಾಲಯದಲ್ಲಿ ಖಚಿತವಾದದ್ದು ಅದನ್ನು ಹಿಡಿದ ಮೇಲೆ. ಹೊಟ್ಟೆಗೆ ಹೋದ ಬಂಗಿಯ ಪರಿಣಾಮ ಕಾಣಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಮಗು ಅಷ್ಟರಲ್ಲಿ ಇನ್ನೊಂದು ತಿಂದಿರುತ್ತದೆ. ವಿಪರೀತ ನಿದ್ದೆ, ತೂರಾಡುವ ನಡಿಗೆ, ಕೆಂಪು ಕಣ್ಣು, ಜೋರು ಎದೆಬಡಿತ ಕಂಡರೆ ವಾಂತಿ ಮಾಡಿಸಲು ಹೋಗಬೇಡಿ, ಕಾಗದ ಹಿಡಿದುಕೊಂಡು ಸೀದಾ ಆಸ್ಪತ್ರೆಗೆ, ಬೇಕಿದ್ದರೆ 108ಕ್ಕೆ ಕರೆ ಮಾಡಿ ಎಂದೆ.

ಹಿಂದಿನ ಸಾಲಿನ ತಾಯಿಯೊಬ್ಬರು ಎದ್ದು ನಿಂತರು. "ತಿಂದೆ ಅಂತ ಹೇಳಿದರೆ ಇವನ ಅಪ್ಪ ಹೊಡೀತಾರೆ ಟೀಚರೇ. ಮತ್ತೆ ಇವನು ಹೇಳುವುದುಂಟಾ?" ನಾನು ತಯಾರು ಮಾಡಿಕೊಂಡು ಬಂದದ್ದೆಲ್ಲ ಆ ಒಂದು ಪ್ರಶ್ನೆಯ ಮುಂದೆ ಸಣ್ಣದಾಯಿತು. ಉಳಿದ ಸಭೆ ಅದರ ಮೇಲೆಯೇ ನಡೆಯಿತು. ಕೊನೆಗೆ ಹೆತ್ತವರು ಮಕ್ಕಳನ್ನು ಒಳಗೆ ಕರೆಸಿ, ಏನು ತಿಂದಿದ್ದರೂ ಹೇಳು, ಹೊಡೆಯುವುದಿಲ್ಲ ಎಂದು ಅವರ ಮುಖ ನೋಡಿ ಹೇಳಿದರು. ಇಬ್ಬರು ಅಪ್ಪಂದಿರು ಹೇಳಲಿಲ್ಲ. ಅವರ ಮನೆಗೆ ನಾನು ಆಮೇಲೆ ಹೋಗಿ ಬಂದೆ.

ಗೇಟಿನೆದುರಿನ ಗೂಡಂಗಡಿಯ ಅಮ್ಮನಿಗೂ ಹಿಂದಿ ಬಾರದು. ಅಂಗಡಿ ಅಂಗಡಿಗೆ ಸರಕು ಹಾಕುವ ಲೈನಿನವರು ಸಾಲಕ್ಕೆ ಬಿಟ್ಟುಹೋದ ಹೊಸ ಸರಕನ್ನು ಅವರು ಈಗ ನಮಗೆ ತೋರಿಸಿಯೇ ನೇತುಹಾಕುತ್ತಾರೆ.

ಡಬ್ಬಿ ಇನ್ನೂ ಉಂಟು. ಮೊನ್ನೆ ಮೂರನೇ ತರಗತಿಯ ಹುಡುಗಿ ಎರಡು ಗುಲಾಬಿ ಮಾತ್ರೆಗಳಿದ್ದ ಪಟ್ಟಿ ತಂದಳು. "ಅಜ್ಜಿಯ ದಿಂಬಿನ ಕೆಳಗಿತ್ತು. ಪೆಪ್ಪರ್‌ಮಿಂಟಿನ ಹಾಗೆಯೇ ಉಂಟಲ್ಲ ಟೀಚರ್?" ಸಕ್ಕರೆ ಕಾಯಿಲೆಯ ಮಾತ್ರೆ. ತಿಂದಿಲ್ಲ ಎಂದು ಮೂರು ಸಲ ಕೇಳಿ ಖಚಿತ ಮಾಡಿಕೊಂಡು, ತರಗತಿ ಬಿಟ್ಟು ಅವಳ ಮನೆಗೆ ಫೋನು ಮಾಡಿದೆ.